ಹೊಟ್ಟೆ ಮೇಲೆ, ಕಣ್ಣು ಆಕಾಶಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರಿಜೋನಾದ ಮೇಸಾ ಊರಿನ ಮುಖ್ಯರಸ್ತೆಯ ಒಂದು ಹಳೆಯ ಮೋಟೆಲಿನ ಹಿತ್ತಿಲು. ಈಜುಕೊಳದಲ್ಲಿ ಎದೆಮಟ್ಟದ ನೀರಿಗಿಳಿದು ನಿಂತ ಹೆಂಗಸೊಬ್ಬರು, ಎರಡು ವರ್ಷವೂ ತುಂಬದ ಹೆಣ್ಣುಮಗುವೊಂದನ್ನು ನೀರಿನೊಳಗೆ ಮುಳುಗಿಸಿ ಕೈ ಬಿಟ್ಟುಬಿಡುತ್ತಾರೆ.

ಹೌದು, ಬಿಟ್ಟೇ ಬಿಡುತ್ತಾರೆ. ಮಗು ನೀರೊಳಗೆ ಮೈ ಮುದುಡಿಕೊಳ್ಳುತ್ತದೆ. ಕೂದಲು ಹರಡಿಕೊಳ್ಳುತ್ತದೆ. ದಂಡೆಯಲ್ಲಿ ಕೂತ ತಾಯಿ ದುಪಟಿಯಂಥ ದೊಡ್ಡ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದಾಳೆ. ಅಷ್ಟರಲ್ಲಿ ಹೆಂಗಸಿನ ಎರಡು ಬೆರಳು ಮಗುವಿನ ಕತ್ತಿನ ಹಿಂದಕ್ಕೆ ಹೋಗಿ ಮೆಲ್ಲಗೆ ಹೊರಳಿಸುತ್ತವೆ, ಮುಖ ಮೇಲೆ ಬರುತ್ತದೆ, ಬಾಯಿ ತೆರೆಯುತ್ತದೆ, ಇಡೀ ಮೋಟೆಲು ಎದ್ದು ಕೂರುವಂಥ ಕಿರುಚಾಟ ಶುರುವಾಗುತ್ತದೆ. "ಹೊಟ್ಟೆ ಮೇಲೆ, ಕಣ್ಣು ಆಕಾಶಕ್ಕೆ," ಎನ್ನುತ್ತಾರೆ ಹೆಂಗಸು, ಮಗ್ಗಿ ಹೇಳಿಕೊಡುವ ಮೇಷ್ಟರ ದನಿಯಲ್ಲಿ. ಇನ್ನೊಮ್ಮೆ ಮುಳುಗಿಸುತ್ತಾರೆ.

ಮೊದಲ ಸಲ ನೋಡಿದವರಿಗೆ ಪೊಲೀಸರನ್ನು ಕರೆಯೋಣ ಅನ್ನಿಸಿದರೆ ಅದು ಅವರ ತಪ್ಪಲ್ಲ. ಕರೆದವರೂ ಇದ್ದಾರೆ. ಮೋಟೆಲಿನಲ್ಲಿ ತಂಗಿದ್ದ ಲಾರಿ ಚಾಲಕನೊಬ್ಬ ಕಿಟಕಿಯಿಂದ ನೋಡಿ ಹೌಹಾರಿ, ಒಳಚಡ್ಡಿಯಲ್ಲೇ ಓಡಿ ಬಂದು ನೀರಿಗೆ ಹಾರಿ, ಅಳುತ್ತಿದ್ದ ಮಗುವನ್ನು ಕಸಿದುಕೊಂಡಿದ್ದೂ ಉಂಟು. ಸತ್ಯ ಗೊತ್ತಾದ ಮೇಲೆ ಆ ಮನುಷ್ಯ ನೀರಿನಿಂದ ಮೇಲೆ ಬರಲು ನಾಚಿಕೊಂಡು ಟವೆಲು ಕೇಳಿದನಂತೆ. ಆ ಕತೆ ಹೇಳುವಾಗ ಮಾತ್ರ ಆ ಹೆಂಗಸು ನಗುತ್ತಾರೆ. ಮಿಕ್ಕಂತೆ ನೀರಿನಲ್ಲಿ ನಿಂತಾಗ ಅವರ ಮುಖದಲ್ಲಿ ನಗುವಿರುವುದಿಲ್ಲ.

ಹೆಸರು ಒರ್ತೆನ್ಸಿಯಾ ಬೊಹೋರ್ಕೆಸ್. ಹಾಗೆ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಅವರು ದೋನ್ಯಾ ಟೆಂಚಾ, ನಮ್ಮಲ್ಲಿ ಅಮ್ಮಾವ್ರು ಅನ್ನುವ ಹಾಗೆ. ಅರವತ್ತು ದಾಟಿದೆ, ಮಂಡಿ ನೋವಿದೆ, ಬಿಸಿಲಿಗೆ ಒಣಗಿದ ಚರ್ಮದ ಮೇಲೆ ಕ್ಲೋರಿನ್ನಿನ ವಾಸನೆ ಯಾವತ್ತೂ ಹೋಗುವುದಿಲ್ಲ. ಬೆಳಿಗ್ಗೆ ಬಿಸಿಲೇರುವ ತನಕ ಈ ಕೊಳದಲ್ಲಿ ಪುಟ್ಟ ಮಕ್ಕಳಿಗೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದನ್ನು ಕಲಿಸುತ್ತಾರೆ. ಆಮೇಲೆ ಒದ್ದೆ ಕೂದಲನ್ನು ಗಂಟು ಕಟ್ಟಿ, ಇದೇ ಮೋಟೆಲಿನ ಕೋಣೆಗಳ ಹಾಸಿಗೆ ಬದಲಿಸಲು ಹೋಗುತ್ತಾರೆ. ಕೊಳ ಬಳಸಲು ಬಿಟ್ಟಿರುವುದಕ್ಕೆ ಮಾಲೀಕರಿಗೆ ದಿನವೂ ಮನಸ್ಸಿನಲ್ಲೇ ಕೈಮುಗಿಯುತ್ತಾರಂತೆ. ಕಲಿಸಿದ್ದಕ್ಕೆ ಕೆಲವರು ದುಡ್ಡು ಕೊಡುತ್ತಾರೆ, ಕೆಲವರು ಜೋಳದ ಹಿಟ್ಟಿನ ಬಿಸಿ ಕಡುಬು, ತಮಾಲೆ, ಕೊಡುತ್ತಾರೆ. ಎರಡನ್ನೂ ಬೇಡ ಅನ್ನುವ ಜಾತಿಯವರಲ್ಲ ಅವರು.

ಅವರು ಕಲಿಸುವುದು ಈಜಲ್ಲ. ಇದನ್ನು ಹೇಳಿ ಹೇಳಿ ಅವರಿಗೆ ಸಾಕಾಗಿದೆ. ಕೈಕಾಲು ಬಡಿದು ಮುಂದೆ ಹೋಗುವುದು, ಪದಕ ಗೆಲ್ಲುವುದು ಇವೆಲ್ಲ ಬೇರೆಯವರ ಪಾಡು. ನೀರಿಗೆ ಬಿದ್ದ ಕೂಸು ಉಸಿರು ಹಿಡಿಯಬೇಕು, ಬೆನ್ನ ಮೇಲೆ ಹೊರಳಬೇಕು, ಮುಖ ಆಕಾಶಕ್ಕೆ ಮಾಡಿ ತೇಲುತ್ತ, ಯಾರಾದರೂ ಬರುವ ತನಕ ಅಳಬೇಕು. ಅಷ್ಟೇ ಪಾಠ. ದಿನಕ್ಕೆ ಹತ್ತು ನಿಮಿಷ, ಹಲವು ವಾರ, ಖಾಲಿ ಹೊಟ್ಟೆಯಲ್ಲಿ. ಪಾಠ ಮುಗಿದ ಕೂಡಲೇ ಮಗುವನ್ನು ಬೆಚ್ಚಗಿನ ಟವೆಲಿನ ಮೇಲೆ ಎಡಮಗ್ಗುಲಾಗಿ ಮಲಗಿಸಿ ಬೆನ್ನು ನೀವುತ್ತಾರೆ, ನುಂಗಿದ ಗಾಳಿ ಹೊರಗೆ ಬರಲೆಂದು.

ಕಿರುಚುತ್ತಿದ್ದ ಆ ಮಗುವಿನ ಹೆಸರು ಇತ್ಸೆಲ್. ಅಪ್ಪ ಉಲಿಸೆಸ್ ಆರ್ವಿಸು ತಂಪುಯಂತ್ರ ರಿಪೇರಿ ಮಾಡುವವನು. ಅಮ್ಮ ಮಾರಿಬೆಲ್. ಈ ಬೇಸಿಗೆಯಲ್ಲಿ ಅವರು ಹಿತ್ತಿಲಲ್ಲಿ ಈಜುಕೊಳವಿರುವ ಮನೆಗೆ ಬಂದಿದ್ದಾರೆ. ಆ ವಂಶದಲ್ಲೇ ಮೊದಲ ಕೊಳ. ಅರಿಜೋನಾದ ಬಿಸಿಲಿನಲ್ಲಿ ಬೆಂದವರಿಗೆ ಅದೇನು ಸಣ್ಣ ಸಂಗತಿಯೇ? ಬಂದವರಿಗೆಲ್ಲ ಮೊದಲು ಕೊಳ ತೋರಿಸಿ ಆಮೇಲೆ ಕುರ್ಚಿ ಕೊಡುತ್ತಾರೆ. ನಡೆಯಲು ಕಲಿತ ಇತ್ಸೆಲ್ ಕಾಲು ಸದಾ ಅತ್ತಲೇ ಹೋಗುತ್ತದೆ ಎಂದು ಮಾರಿಬೆಲ್ ಹೆದರಿ, ಮಗಳನ್ನು ಟೆಂಚಾ ಕೈಗೆ ತಂದೊಪ್ಪಿಸಿದ್ದಾಳೆ.

ಅವಳಿಗಿಂತ ಹೆಚ್ಚು ಹೆದರಿದವರು ಮಗುವಿನ ತಾತ, ಉಲಿಸೆಸ್‌ನ ಅಪ್ಪ ದೊನ್ ಕುಕೊ. ಕಿತ್ತಳೆ ತೋಟಗಳಲ್ಲಿ ಆಯಸ್ಸು ಸವೆಸಿದ ಗಟ್ಟಿ ಮುದುಕ, ತಲೆ ಮೇಲಿನ ಹ್ಯಾಟು ಇಳಿಸಿದ್ದನ್ನು ನೋಡಿದವರಿಲ್ಲ. ಮೊದಲ ದಿನ ಮೊಮ್ಮಗಳು ನೀರೊಳಗೆ ಹೋದ ಕೂಡಲೇ ಅವರು ಕುರ್ಚಿ ಬಿಟ್ಟು ಎದ್ದರು. ಎರಡನೇ ಸಲಕ್ಕೆ, ಬೂಟು ಹ್ಯಾಟುಗಳ ಸಮೇತ ಮೆಟ್ಟಿಲಿಳಿದು ಮೊಣಕಾಲ ತನಕ ನೀರಿಗೆ ಬಂದು ನಿಂತರು.

"ದೊನ್ ಕುಕೊ, ನಿಮ್ಮ ಬೂಟಿಗೂ ನಾನೇ ತೇಲೋದು ಕಲಿಸ್ಬೇಕಾ?" ಎಂದರು ಟೆಂಚಾ, ತಿರುಗಿಯೂ ನೋಡದೆ.

"ಮಗು ಅಳ್ತಾ ಇದೆ ದೋನ್ಯಾ. ಕರುಳು ಕಿತ್ತು ಬರುತ್ತೆ."

"ಅಳ್ತಾ ಇದಾಳೆ ಅಂದ್ರೆ ಉಸಿರಾಡ್ತಾ ಇದಾಳೆ ಅಂತ. ಅಳು ನಿಂತ್ರೆ ಆಗ ಹೆದರ್ಕೊಳ್ಳಿ."

ಈ ಮಾತು ಟೆಂಚಾಗೆ ಯಾವ ತರಬೇತಿಯಲ್ಲೂ ಸಿಕ್ಕಿದ್ದಲ್ಲ. ಇದೇ ಕೊಳದ ದಂಡೆಯಲ್ಲಿ ಸಿಕ್ಕಿದ್ದು. ಆಗ ಅವರಿಗೆ ನಲವತ್ತರ ಆಸುಪಾಸು, ನೀರೆಂದರೆ ಸ್ನಾನದ ತೊಟ್ಟಿಯಿಂದಾಚೆ ಗೊತ್ತಿಲ್ಲ. ಒಂದು ಮಧ್ಯಾಹ್ನ ಕೊಳದ ಪಕ್ಕದ ಮೇಜಿನ ಮೇಲೆ ಒಗೆದ ಟವೆಲುಗಳನ್ನು ಮಡಚುತ್ತಿದ್ದರು. ಅತಿಥಿಯಾಗಿ ಬಂದ ತರುಣಿಯೊಬ್ಬಳು ಆರಾಮಕುರ್ಚಿಯಲ್ಲಿ ಒರಗಿಕೊಂಡು ಅವರ ಜೊತೆ ಹವಾಮಾನದ ಮಾತಾಡುತ್ತಿದ್ದಳು. ಅವಳ ಮಗ ಅಲ್ಲೇ ಆಡುತ್ತಿದ್ದ. ಟೆಂಚಾ ಇನ್ನೊಂದು ಟವೆಲು ಎತ್ತಿಕೊಳ್ಳಲು ಬಗ್ಗಿದಾಗ ನೀರಿನ ತಳದಲ್ಲಿ ಏನೋ ಬಣ್ಣದ್ದು ಕಂಡಿತು. ಬಟ್ಟೆ ಬಿದ್ದಿದೆ ಅಂದುಕೊಂಡರು. ಬಟ್ಟೆಗೆ ಕೈಗಳಿದ್ದವು.

ಕಂಬಿ ಹಿಡಿದು ಕತ್ತಿನ ತನಕ ಇಳಿದು ಆ ಅಂಗಿಯನ್ನು ಎಳೆದು ತಂದವರು ಟೆಂಚಾ. ಆ ಹುಡುಗ ಬದುಕಿದ ಎಂದಷ್ಟೇ ಅವರಿಗೆ ಗೊತ್ತು. ಮೋಟೆಲಿನ ಅತಿಥಿಗಳು ಹೋದರೆ ಹೋದರು, ಆಮೇಲಿನ ಕತೆಯನ್ನು ಯಾರೂ ಬಂದು ಹೇಳುವುದಿಲ್ಲ. ಅವರನ್ನು ಇಂದಿಗೂ ಕಾಡುವುದು ಬೇರೆಯೇ ಸಂಗತಿ. ತಾಯಿ ಅಲ್ಲೇ ಇದ್ದಳು, ತಾವು ಅಲ್ಲೇ ಇದ್ದರು, ಇಬ್ಬರೂ ಎಚ್ಚರವಾಗಿದ್ದರು. ಆದರೂ ಒಂದು ಬುಳಕ್ ಎಂಬ ಸದ್ದಿಲ್ಲ, ಒಂದು ಕೂಗಿಲ್ಲ. ಮಗು ಮುಳುಗುವುದೆಂದರೆ ಕೈಕಾಲು ಬಡಿಯುವುದು, ಅಮ್ಮಾ ಎಂದು ಚೀರುವುದು ಎಂದು ಅವರು ನಂಬಿದ್ದರು. ನಾವೆಲ್ಲ ನಂಬಿರುವುದೂ ಅದನ್ನೇ ಅಲ್ಲವೇ? ಬಾಯಿ ನೀರೊಳಗಿದ್ದರೆ ಕೂಗುವುದು ಎಲ್ಲಿಂದ! ಆ ವರ್ಷವೇ ಅವರು ಈಜು ಕಲಿತರು, ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿದರು, ಪರವಾನಗಿ ಪಡೆದರು. ನಲವತ್ತರ ಹೆಂಗಸು ನೀರಿಗಿಳಿದಳೆಂದು ಅಕ್ಕತಂಗಿಯರು ಕಪ್ಪೆ ಎಂದು ಹಾಸ್ಯ ಮಾಡಿದರು. ಕಪ್ಪೆ ಕೇಳಿಸಿಕೊಂಡು ಮತ್ತೆ ನೀರಿಗಿಳಿಯಿತು.

ಮಕ್ಕಳಿಗಿಂತ ಮೊದಲು ದೊಡ್ಡವರಿಗೆ ಟೆಂಚಾ ಒಂದು ಪರೀಕ್ಷೆ ಕೊಡುತ್ತಾರೆ. ಅವರಲ್ಲಿಗೆ ಬರುವ ಪ್ರತಿ ಮನೆಯವರೂ ಅದಕ್ಕೆ ಕೂರಲೇಬೇಕು. ಕುರ್ಚಿಗಳನ್ನು ಕೊಳಕ್ಕೆ ಬೆನ್ನು ಮಾಡಿ ಹಾಕುತ್ತಾರೆ. ಫೋನಿನಲ್ಲಿ ಒಂದು ಹಾಡು ಹಚ್ಚುತ್ತಾರೆ. ನಿಮ್ಮ ಪಾಡಿಗೆ ಮಾತಾಡಿಕೊಂಡಿರಿ, ಹಿಂದೆ ಮಗು ನೀರಿಗೆ ಬಿದ್ದ ಸದ್ದು ಕೇಳಿಸಿದ ಕೂಡಲೇ ಕೈ ಎತ್ತಿ, ಅಷ್ಟೇ ಎನ್ನುತ್ತಾರೆ. ಬೀಳುವುದು ಮಗುವಲ್ಲ, ಮರಳಿನ ಚೀಲ. ಕೂಸಿನಷ್ಟೇ ತೂಕದ್ದು, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಅದಕ್ಕೊಂದು ನೀಲಿ ಫ್ರಾಕು ತೊಡಿಸಿರುತ್ತಾರೆ, ಅಂಚಿನಿಂದ ನೀರಿಗೆ ಜಾರಿಬಿಡುತ್ತಾರೆ.

ಆರ್ವಿಸು ಮನೆಯವರೂ ಕೂತರು. ಉಲಿಸೆಸ್‌ಗೆ ತನ್ನ ಕಿವಿಯ ಬಗ್ಗೆ ಭಾರಿ ಅಭಿಮಾನ. ಯಂತ್ರದ ಸದ್ದು ಕೇಳಿಯೇ ರೋಗ ಹೇಳುವವನು ನಾನು ಎಂದು ನಕ್ಕ. ಮಾರಿಬೆಲ್ ಮೈಯೆಲ್ಲ ಕಿವಿಯಾಗಿ ಕೂತಳು. ದೊನ್ ಕುಕೊ ಹ್ಯಾಟನ್ನು ಹಿಂದಕ್ಕೆ ಸರಿಸಿದರು. ಮನೆಯ ಮಾತು ಶುರುವಾಯಿತು, ಹೊಸ ಮನೆಯ ಸೋಫಾಕ್ಕೆ ಯಾವ ಬಣ್ಣ ಎಂಬಲ್ಲಿಗೆ ಹೋಯಿತು. ಯಾರ ಕೈಯೂ ಮೇಲೇಳಲಿಲ್ಲ.

ಇನ್ನು ಯಾವಾಗ ಬೀಳಿಸುತ್ತೀರಿ ಎಂದು ಉಲಿಸೆಸ್ ಕೇಳಿದ. ಆಗಲೇ ಬಿದ್ದಾಯಿತು, ತಿರುಗಿ ನೋಡಿ ಎಂದರು ಟೆಂಚಾ. ತಿರುಗಿ ನೋಡಿದರೂ ಅವರಿಗೆ ಮೊದಲು ಏನೂ ಕಾಣಲಿಲ್ಲ. ನೀಲಿ ತಳದಲ್ಲಿ ನೀಲಿ ಫ್ರಾಕು. ಟೆಂಚಾ ಬೆರಳು ತೋರಿಸಿದ ಮೇಲೆ ಕಂಡಿತು. ಮಾರಿಬೆಲ್ ಎದ್ದು ಕೊಳದ ಅಂಚಿಗೆ ಓಡಿದಳು. ಮರಳಿನ ಚೀಲ ಎಂದು ಗೊತ್ತಿದ್ದೂ ದೊನ್ ಕುಕೊ ಶಿಲುಬೆ ಗುರುತು ಮಾಡಿಕೊಂಡರು.

ಆ ದಿನ ಟೆಂಚಾ ಹೇಳಿದ್ದು ಇಷ್ಟೇ. ಮಗುವಿಗೆ ನೀಲಿ ಈಜುಡುಗೆ ತೊಡಿಸಬೇಡಿ. ತೋಳಿಗೆ ಕಟ್ಟುವ ಗಾಳಿಬುಗ್ಗೆಗಳನ್ನು ಕಸದ ಬುಟ್ಟಿಗೆ ಹಾಕಿ, ಅದು ಕಟ್ಟಿಕೊಂಡ ಮಗು ತಾನೇ ತೇಲುತ್ತಿದ್ದೇನೆ ಎಂದುಕೊಳ್ಳುತ್ತದೆ, ಬಿಚ್ಚಿದ ಮೇಲೂ ಹಾಗೇ ಅಂದುಕೊಂಡು ನೀರಿಗೆ ನಡೆದುಬಿಡುತ್ತದೆ. ಮನೆಯ ಕೊಳದ ಸುತ್ತ ಬಲೆಯ ಬೇಲಿ ಇರಲಿ, ಅದರ ಗೇಟು ತಾನಾಗಿ ಮುಚ್ಚಿಕೊಳ್ಳುವಂಥದ್ದಾಗಿರಲಿ. ನಾನು ಕಲಿಸುವುದು ಇವೆಲ್ಲ ಕೈಕೊಟ್ಟಾಗ ಉಳಿಯುವ ಕೊನೆಯ ದಾರಿ, ಮೊದಲನೆಯದಲ್ಲ. ಮನೆಯವರು ತಲೆಯಾಡಿಸಿದರು. ಉಲಿಸೆಸ್ ಆ ವಾರವೇ ಬೇಲಿ ಹಾಕಿಸಿದ.

ವಾರಗಳು ಕಳೆದಂತೆ ಇತ್ಸೆಲ್ ಅಳು ಮುನಿಸಾಗುತ್ತದೆ, ಮುನಿಸು ರೂಢಿಯಾಗುತ್ತದೆ. ಕತ್ತಿನ ಹಿಂದಿನ ಎರಡು ಬೆರಳು ಒಂದಾಗುತ್ತದೆ, ಆಮೇಲೆ ಅದೂ ಬೇಕಾಗುವುದಿಲ್ಲ. ನೀರೊಳಗೆ ಹೋದ ಮಗು ತಾನೇ ಹೊರಳಿ, ಕೈ ಚಾಚಿ, ಆಕಾಶ ನೋಡುತ್ತ ಮಲಗುತ್ತದೆ. ಮಾತು ಇನ್ನೂ ಸರಿಯಾಗಿ ಬಾರದ ಕೂಸು. ಆದರೆ ಮನೆಯಲ್ಲಿ ಸ್ನಾನದ ತೊಟ್ಟಿಗೆ ಬಟ್ಟೆಯ ಗೊಂಬೆಯನ್ನು ಹಾಕಿ, ಅದನ್ನು ಅಂಗಾತ ತಿರುಗಿಸಿ, "ಒಟ್ಟೆ ಮೇಯೆ" ಎಂದು ಗದರಿಸುತ್ತಾಳಂತೆ. ಮಾರಿಬೆಲ್ ಅದನ್ನು ಹೇಳಿದಾಗ ಟೆಂಚಾಗೆ ಒಳಗೊಳಗೇ ಹಿಗ್ಗು. ತನಗೊಬ್ಬಳು ಸಹಾಯಕಿ ಸಿಕ್ಕಳು ಎನ್ನುತ್ತಾರೆ.

ಕೊನೆಯ ದಿನ ಬಟ್ಟೆಯ ದಿನ. ಮಕ್ಕಳು ನೀರಿಗೆ ಬೀಳುವುದು ಈಜುಡುಗೆ ತೊಟ್ಟಾಗಲ್ಲ, ಫ್ರಾಕು ಬೂಟು ತೊಟ್ಟಾಗ. ಹಾಗಾಗಿ ಆ ಶುಕ್ರವಾರ ಇತ್ಸೆಲ್ ತುಂಬುತೋಳಿನ ಅಂಗಿ, ಜೀನ್ಸು, ಡಯಾಪರು, ಬೂಟು ಎಲ್ಲ ತೊಟ್ಟು ಬರುತ್ತಾಳೆ. ಟೆಂಚಾ ಅವಳನ್ನು ದಂಡೆಯಲ್ಲಿ ಕೂರಿಸಿ, ಮಾತಾಡಿಸುತ್ತ, ಇದ್ದಕ್ಕಿದ್ದಂತೆ ಪಕ್ಕಕ್ಕೆ ದೂಡುತ್ತಾರೆ. ಮಗು ತಲೆಕೆಳಗಾಗಿ ಹೋಗುತ್ತದೆ. ನೀರು ಕುಡಿದು ಭಾರವಾದ ಬಟ್ಟೆಯೊಳಗೆ ಆ ಪುಟ್ಟ ದೇಹ ಒಮ್ಮೆ ಒದ್ದಾಡಿ, ಹೊರಳಿ, ಮೇಲೆ ಬಂದು, ಒಂದು ಬೂಟು ಕಳೆದುಕೊಂಡು, ಆಕಾಶ ನೋಡುತ್ತ ಅಳುತ್ತದೆ. ಮಾರಿಬೆಲ್ ಅಳುತ್ತಾಳೆ. ದೊನ್ ಕುಕೊ ಮೊದಲ ಬಾರಿಗೆ ಹ್ಯಾಟು ತೆಗೆದು ಅದರಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಅದೇ ಹೊತ್ತಿಗೆ, ಮಗುವಿನ ಒದ್ದೆ ಸಾಕ್ಸು ಎಳೆಯುತ್ತಿದ್ದ ಟೆಂಚಾ ಕಿವಿಗೆ ಆ ಮಾತು ಬೀಳುತ್ತದೆ. ಭಾನುವಾರ ಇತ್ಸೆಲ್‌ಗೆ ಎರಡು ತುಂಬುತ್ತದೆ, ನೀವು ಬರಲೇಬೇಕು ಎನ್ನುತ್ತಾನೆ ಉಲಿಸೆಸ್. ನೆಂಟರೆಲ್ಲ ಬರುತ್ತಾರೆ, ಹಿತ್ತಿಲಲ್ಲೇ ಊಟ, ಮೇಜು ಹಾಕಲು ಜಾಗ ಸಾಲದೆ ಬೇಲಿಯನ್ನು ನಿನ್ನೆಯೇ ಬಿಚ್ಚಿ ಸುತ್ತಿಟ್ಟಿದ್ದೇನೆ.

ಟೆಂಚಾ ಕೈ ಅಲ್ಲೇ ನಿಲ್ಲುತ್ತದೆ. "ಏನಂದೆ ಮಗಾ?"

"ಬೇಲಿ, ದೋನ್ಯಾ. ಇನ್ಯಾಕೆ ಅದು? ನೀವೇ ನೋಡಿದ್ರಲ್ಲ, ಮೀನಾಗ್ಬಿಟ್ಟಿದಾಳೆ."

ಇಷ್ಟು ವರ್ಷದಲ್ಲಿ ಈ ಮಾತು ಕೇಳಿ ಅವರು ದಂಗಾಗಿದ್ದು ಇದೇ ಮೊದಲಲ್ಲ. ಆದರೂ ಪ್ರತಿ ಸಲವೂ ಎದೆಗೆ ಗುದ್ದಿದ ಹಾಗೆಯೇ ಆಗುತ್ತದಂತೆ. ಮಗುವಿಗೆ ಕಲಿಸಿದ ತಪ್ಪಿಗೆ ದೊಡ್ಡವರು ಮರೆಯುತ್ತಾರೆ! ಕೊಳಕ್ಕೆ ಬೇಲಿಯಿಲ್ಲ, ದೊಡ್ಡವರ ಕಣ್ಣಿಗೆ ಎಚ್ಚರವಿಲ್ಲ, ಎಲ್ಲ ಭಾರವೂ ಎರಡು ವರ್ಷದ ಕೂಸಿನ ಕತ್ತಿನ ಮೇಲೆ. ಟೆಂಚಾ ಅಲ್ಲೇ ಬೈದರು. ಚೆನ್ನಾಗಿಯೇ ಬೈದರು. ಇವಳು ಮೀನಲ್ಲ, ಜ್ವರ ಬಂದ ದಿನ ಮರೆಯುತ್ತಾಳೆ, ತಲೆಗೆ ಪೆಟ್ಟಾದರೆ ಮರೆಯುತ್ತಾಳೆ, ಇಂದೇ ಬೇಲಿ ಹಾಕು ಎಂದರು. ಉಲಿಸೆಸ್ ತಲೆ ತಗ್ಗಿಸಿ ಹಾಕುತ್ತೇನೆ ಎಂದ. ಹಾಕುವ ಮನಸ್ಸೂ ಇತ್ತು ಎನ್ನೋಣ.

ಭಾನುವಾರ ಉಡುಗೊರೆಯ ಪೊಟ್ಟಣ ಹಿಡಿದು ಹೋದಾಗ ಬೇಲಿ ಗೋಡೆಗೊರಗಿ ಸುರುಳಿ ಸುತ್ತಿಕೊಂಡು ನಿಂತಿದೆ. ಕೆಂಡದ ಮೇಲೆ ಮಾಂಸ ಚುರುಗುಡುತ್ತಿದೆ. ಹಾಡಿನ ಪೆಟ್ಟಿಗೆ ಕಿವಿ ಕೀಳುವಷ್ಟು ಜೋರಾಗಿದೆ. ಸಂಜೆ ಮೇಜು ತೆಗೆದ ಕೂಡಲೇ ಹಾಕಿಬಿಡುತ್ತೇನೆ ದೋನ್ಯಾ ಎಂದು ಉಲಿಸೆಸ್ ಕೈಗೆ ತಟ್ಟೆ ಕೊಡುತ್ತಾನೆ. ಟೆಂಚಾ ತಟ್ಟೆಯನ್ನು ಅಲ್ಲೇ ಇಟ್ಟು, ಒಂದು ಕುರ್ಚಿ ಎಳೆದುಕೊಂಡು ಕೊಳದ ಅಂಚಿಗೆ ಹಾಕಿ ಕೂರುತ್ತಾರೆ. ಇತ್ಸೆಲ್ ಮೇಲಿಂದ ಕಣ್ಣು ಕದಲಿಸುವುದಿಲ್ಲ ಎಂದು ನಿಶ್ಚಯ ಮಾಡಿಕೊಳ್ಳುತ್ತಾರೆ.

ಇದರಿಂದ ಆಗಿದ್ದೇ ಬೇರೆ. ಕೊಳದ ಬಳಿ ದೋನ್ಯಾ ಟೆಂಚಾ ಕೂತಿದ್ದಾರೆ ಎಂಬುದು ಹಿತ್ತಿಲಿಗೆಲ್ಲ ಗೊತ್ತಾಗುತ್ತದೆ. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ನೀರಿನ ಕಡೆ ನೋಡುತ್ತಿದ್ದ ಹತ್ತಾರು ಜೋಡಿ ಕಣ್ಣುಗಳು ನಿರಾಳವಾಗಿ ತಿರುಗಿಕೊಳ್ಳುತ್ತವೆ. ಉಲಿಸೆಸ್‌ನ ತಂಗಿ ಯಾದಿರಾ ಮಗನನ್ನು ನೀರಿನಿಂದೆತ್ತಿ, ಊಟ ಮಾಡಲೆಂದು ಅವನ ತೋಳಿನ ಗಾಳಿಬುಗ್ಗೆ ಬಿಚ್ಚಿ, ಪಕ್ಕದ ಮೇಜಿಗೆ ಕೂರಿಸುತ್ತಾಳೆ. ಗಾಯೆಲ್ ಅವನ ಹೆಸರು, ಮೂರು ವರ್ಷ. ಬೆಳಗಿನಿಂದ ಆ ಬುಗ್ಗೆ ಕಟ್ಟಿಕೊಂಡು ಕೊಳದ ತುಂಬ ತೇಲಿದ್ದಾನೆ. ನೀಲಿ ಅಂಗಿ, ನೀಲಿ ಚಡ್ಡಿ.

ಅಷ್ಟರಲ್ಲಿ ಮೂಲೆಯ ಮರಕ್ಕೆ ಪಿನ್ಯಾತಾ ಕಟ್ಟುತ್ತಾರೆ. ಬಣ್ಣದ ಕಾಗದದ ಕತ್ತೆ, ಹೊಟ್ಟೆ ತುಂಬ ಮಿಠಾಯಿ, ಕಣ್ಣು ಕಟ್ಟಿಕೊಂಡ ಮಕ್ಕಳು ಕೋಲಿನಲ್ಲಿ ಅದನ್ನು ಒಡೆಯಬೇಕು. ಇಡೀ ಬಳಗ ಮರದ ಕಡೆ ನುಗ್ಗುತ್ತದೆ. ಇತ್ಸೆಲ್‌ಗೆ ಆ ಗದ್ದಲ ಬೇಡ. ಅವಳು ಕೊಳದ ಅಂಚಿನಲ್ಲಿ, ಟೆಂಚಾ ಕೈಗೆ ಎಟಕುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಟೆಂಚಾ ಕಣ್ಣು ಅವಳ ಪಾದಗಳ ಮೇಲಿದೆ. ಜಾರಿದರೆ ಹಿಡಿಯಲು ಕೈ ಸಿದ್ಧವಾಗಿದೆ.

ಇತ್ಸೆಲ್ ನೀರಿನ ಕಡೆ ಬೆರಳು ಮಾಡುತ್ತಾಳೆ.

"ಒಟ್ಟೆ ಮೇಯೆ," ಎನ್ನುತ್ತಾಳೆ.

ಟೆಂಚಾಗೆ ನಗು ಬರುತ್ತದೆ. ಗೊಂಬೆಗೆ ಪಾಠ ನಡೆದಿದೆ ಅಂದುಕೊಳ್ಳುತ್ತಾರೆ. ಮಗು ಮತ್ತೆ ಹೇಳುತ್ತದೆ, ಈ ಸಲ ಗದರಿಸಿ. ಅಂಗೈಯಿಂದ ನೆಲ ಬಡಿಯುತ್ತದೆ. ಆಗ ಟೆಂಚಾಗೆ ಕಾಣುತ್ತದೆ, ಬಟ್ಟೆಯ ಗೊಂಬೆ ತಮ್ಮ ಕುರ್ಚಿಯ ಕೆಳಗೇ ಬಿದ್ದಿದೆ. ಹಾಗಾದರೆ ಇವಳು ಪಾಠ ಹೇಳುತ್ತಿರುವುದು ಯಾರಿಗೆ?

ಟೆಂಚಾ ನೀರಿನತ್ತ ಬಗ್ಗಿ ನೋಡುತ್ತಾರೆ. ನೀಲಿ ನೀರು, ನೀಲಿ ತಳ, ನೋಡಿದರೂ ಏನೂ ಕಾಣದು. ಆಮೇಲೆ ಕೂದಲು ಕಾಣುತ್ತದೆ.

ಹಬ್ಬದ ಉಡುಪಿನಲ್ಲೇ, ಚಪ್ಪಲಿ ಕಾಲಲ್ಲೇ ಅವರು ನೀರಿಗೆ ಬೀಳುತ್ತಾರೆ. ಆ ಮಂಡಿಗಳು ಆ ದಿನ ನೋಯಲಿಲ್ಲ. ಗಾಯೆಲ್‌ನನ್ನು ದಂಡೆಗೆ ಎತ್ತಿ ಹಾಕಿದಾಗ ಅವನ ತುಟಿ ಕಪ್ಪಿಟ್ಟಿದೆ, ಅಳುವಿಲ್ಲ. ಟೆಂಚಾ ಅವನ ಗಲ್ಲ ಎತ್ತಿ, ಬಾಯಿಗೆ ಬಾಯಿಟ್ಟು ಗಾಳಿ ಊದುತ್ತಾರೆ. ಅತ್ತ ಮರದ ಕೆಳಗೆ ಕತ್ತೆ ಒಡೆದು ಮಿಠಾಯಿ ಸುರಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಹಾಡು ಅದರ ಪಾಡಿಗೆ ಹಾಡುತ್ತಿದೆ. ಈ ಲೋಕದಲ್ಲಿ ಒಂದು ಮಗು ಉಸಿರಾಡುತ್ತಿಲ್ಲ ಎಂಬುದು ಒಬ್ಬ ಮುದುಕಿಗೆ ಮತ್ತು ಒಂದು ಎರಡು ವರ್ಷದ ಕೂಸಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೊದಲು ತಿರುಗಿದವರು ದೊನ್ ಕುಕೊ. ಅವರು ಕೂಗಲಿಲ್ಲ, ಹೋಗಿ ಹಾಡಿನ ಪೆಟ್ಟಿಗೆಯ ತಂತಿಯನ್ನೇ ಕಿತ್ತರು. ಎಲ್ಲರೂ ತಿರುಗಿದರು. ಯಾದಿರಾ ಸೆರಗಿನಂತೆ ಎತ್ತಿ ಹಿಡಿದಿದ್ದ ಅಂಗಿಯ ಚುಂಗಿನಿಂದ ಮಿಠಾಯಿಗಳೆಲ್ಲ ಒಂದೊಂದಾಗಿ ಉದುರಿದವು.

ಇನ್ನೊಮ್ಮೆ ಊದುತ್ತಾರೆ. ಮತ್ತೊಮ್ಮೆ. ಆಮೇಲೆ ಗಾಯೆಲ್‌ನ ಹೊಟ್ಟೆ ಎಳೆದುಕೊಳ್ಳುತ್ತದೆ, ನೀರು ಕಾರುತ್ತಾನೆ, ಕೆಮ್ಮುತ್ತಾನೆ. ಕೊನೆಗೆ ಸಣ್ಣದೊಂದು ಅಳು ಹೊರಡುತ್ತದೆ. ಟೆಂಚಾ ಅವನನ್ನು ಮಗ್ಗುಲಾಗಿ ಮಲಗಿಸಿ, ಬೆನ್ನ ಮೇಲೆ ಕೈಯಿಟ್ಟು, ಆಂಬುಲೆನ್ಸ್ ಬರುವ ತನಕ ಆ ಅಳುವನ್ನೇ ಕೇಳುತ್ತ ಕೂರುತ್ತಾರೆ.

ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡು ಕಳಿಸಿದರು. ಹುಡುಗ ಚೆನ್ನಾಗಿದ್ದಾನೆ. ಬೇಲಿಯನ್ನು ಆ ಸಂಜೆಯೇ, ಕೇಕು ಹಾಗೇ ಇರುವಾಗಲೇ, ಉಲಿಸೆಸ್ ಮತ್ತು ದೊನ್ ಕುಕೊ ಸೇರಿ ಹಾಕಿದರು. ಕಂಬಗಳನ್ನು ಅಪ್ಪ ಗುಣಿಗೆ ಇಳಿಸಿದರು, ಉಲಿಸೆಸ್ ಬಲೆ ಬಿಗಿದ. ನನ್ನ ಮಗಳಿಗೆ ತೇಲಲು ಬರುತ್ತದೆ ಎಂದು ಬೇಲಿ ತೆಗೆದೆ, ತಂಗಿಯ ಮಗನಿಗೆ ಬಾರದು ಎಂಬುದು ತಲೆಗೇ ಬರಲಿಲ್ಲವಲ್ಲ ಎಂದು ಅವನು ಇಂದಿಗೂ ಹೇಳಿಕೊಳ್ಳುತ್ತಾನೆ. ಟೆಂಚಾ ಅವನನ್ನು ಮತ್ತೆ ಬೈಯಲಿಲ್ಲ. ಬೈಯುವ ಬಾಯಿ ತನಗೂ ಇರಲಿಲ್ಲ ಎನ್ನುತ್ತಾರೆ. ಕೊಳದ ಅಂಚಿನಲ್ಲೇ ಕೂತು, ಒಂದೇ ಮಗುವನ್ನು ನೋಡುತ್ತ ಇನ್ನೊಂದನ್ನು ಬಿಟ್ಟವರು ತಾವೇ ಅಲ್ಲವೇ?

ಊರಿನ ಯಾರೋ ಪತ್ರಿಕೆಯವರು ಫೋಟೋ ತೆಗೆಯಲು ಬಂದಾಗ ಟೆಂಚಾ ಕೋಣೆಯೊಂದಕ್ಕೆ ಹೊಕ್ಕು ಹಾಸಿಗೆ ಹಾಸುತ್ತ ಕೂತರು. ಜೀವ ಉಳಿಸಿದವಳು ನಾನಲ್ಲ, ಇತ್ಸೆಲ್‌ಳನ್ನು ಕೇಳಿ ಎಂದು ಹೇಳಿ ಕಳಿಸಿದರು. ಅವಳಿಗೋ ಮಾತು ಬರುವುದೇ ಎರಡು ಮೂರು.

ಡಾಕ್ಟರು ಒಪ್ಪಿದ ಮೇಲೆ, ಒಂದು ಸೋಮವಾರ ಬೆಳಗಿನ ಜಾವ ಯಾದಿರಾ ಮಗನನ್ನು ಎತ್ತಿಕೊಂಡು ಮೋಟೆಲಿನ ಹಿತ್ತಿಲಿಗೆ ಬರುತ್ತಾಳೆ. ಉಲಿಸೆಸ್, ಮಾರಿಬೆಲ್, ತಾತ, ಇತ್ಸೆಲ್ ಎಲ್ಲರೂ ಜೊತೆಗಿದ್ದಾರೆ. ಗಾಯೆಲ್ ನೀರು ಕಂಡ ಕೂಡಲೇ ಅಮ್ಮನ ಕತ್ತು ತಬ್ಬಿಕೊಳ್ಳುತ್ತಾನೆ. ಮೊದಲು ದೊಡ್ಡವರ ಪರೀಕ್ಷೆ ಎನ್ನುತ್ತಾರೆ ಟೆಂಚಾ. ಕುರ್ಚಿಗಳನ್ನು ಕೊಳಕ್ಕೆ ಬೆನ್ನು ಮಾಡಿ ಹಾಕುತ್ತಾರೆ. ಆಮೇಲೆ ಇಷ್ಟು ವರ್ಷ ಮಾಡದ ಒಂದು ಕೆಲಸ ಮಾಡುತ್ತಾರೆ. ನೀಲಿ ಫ್ರಾಕಿನ ಚೀಲವನ್ನು ದೊನ್ ಕುಕೊ ಕೈಗೆ ಕೊಟ್ಟು, ಯಾದಿರಾ ಪಕ್ಕದ ಕುರ್ಚಿಯಲ್ಲಿ ತಾವೂ ಬೆನ್ನು ತಿರುಗಿಸಿ ಕೂರುತ್ತಾರೆ.

ಹಾಡು ಹಚ್ಚಿದ್ದಾಗಿದೆ. ಆಸ್ಪತ್ರೆಯ ಸಾರಿಗೆ ಉಪ್ಪೇ ಇರಲಿಲ್ಲ ಎಂಬ ಮಾತು ನಡೆಯುತ್ತದೆ. ಟೆಂಚಾ ಮಾತ್ರ ಕಣ್ಣು ಮುಚ್ಚಿ, ಕತ್ತು ಸ್ವಲ್ಪ ವಾರೆ ಮಾಡಿ, ಇರುವ ಬುದ್ಧಿಯನ್ನೆಲ್ಲ ಕಿವಿಗೆ ತಂದು ಕೂತಿದ್ದಾರೆ. ಹಿಂದಿನಿಂದ ದೊನ್ ಕುಕೊ ಕೆಮ್ಮುತ್ತಾರೆ. ತಿರುಗಿ ನೋಡಿದರೆ ಅವರ ಕೈ ಖಾಲಿ. ಫ್ರಾಕು ತಳದಲ್ಲಿದೆ.

ಯಾದಿರಾ ಕೊಳ ನೋಡುವುದಿಲ್ಲ, ಟೆಂಚಾ ತೊಡೆಯ ಮೇಲಿದ್ದ ಕೈಗಳನ್ನು ನೋಡುತ್ತಾಳೆ. "ನಿಮಗೂ ಕೇಳಿಸ್ಲಿಲ್ವಾ ದೋನ್ಯಾ?"

"ಇಲ್ಲ ಮಗಳೇ," ಎನ್ನುತ್ತಾರೆ ಟೆಂಚಾ. "ನನಗೂ ಕೇಳಿಸ್ಲಿಲ್ಲ. ಯಾರಿಗೂ ಕೇಳ್ಸಲ್ಲ. ನಾನಿದೀನಿ ಅಂತ ಇನ್ಮೇಲೆ ಯಾರೂ ಬೆನ್ನು ತಿರುಗಿಸ್ಬೇಡಿ."

ನಿಮಗೆ ಇನ್ನೇನು ಆಸೆ ಎಂದು ಕೇಳಿದರೆ ಅವರು ಬಹಳ ಯೋಚಿಸುವುದಿಲ್ಲ. ತಾನು ಕಲಿಸಿದ್ದು ಒಂದು ಮಗುವಿಗೂ ಉಪಯೋಗಕ್ಕೆ ಬಾರದಿರಲಿ, ಎಲ್ಲವನ್ನೂ ಮರೆತು, ತನ್ನನ್ನೂ ಮರೆತು ದೊಡ್ಡವರಾಗಲಿ ಎನ್ನುತ್ತಾರೆ. ಹೀಗೆ ಹೇಳುತ್ತಲೇ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ಎದೆಮಟ್ಟದ ನೀರಿನಲ್ಲಿ ನಿಂತು, ಗಾಯೆಲ್‌ಗಾಗಿ ಕೈ ಚಾಚುತ್ತಾರೆ. ಯಾದಿರಾ ಕೊಡಲೋ ಬೇಡವೋ ಎಂದು ಒಂದು ಕ್ಷಣ ತಡೆದು, ಕೊಡುತ್ತಾಳೆ. ದಂಡೆಯ ಮೇಲೆ ಎಲ್ಲರೂ ಮುಖ ಮಾಡಿ ಕೂತಿದ್ದಾರೆ, ಯಾರೂ ಆಚೀಚೆ ನೋಡುತ್ತಿಲ್ಲ. ತಾತನ ಬೆರಳು ಹಿಡಿದು ನಿಂತ ಇತ್ಸೆಲ್ ಎಂದಿನಂತೆ ಗದರಿಸುತ್ತಾಳೆ. ಗಾಯೆಲ್ ಬಾಯಿ ತೆರೆದು ಇಡೀ ಮೋಟೆಲು ಏಳುವ ಹಾಗೆ ಅಳುತ್ತಾನೆ.

"ಅಳು ಮಗಾ," ಎನ್ನುತ್ತಾರೆ ಟೆಂಚಾ, ಅವನ ಕತ್ತಿನ ಹಿಂದೆ ಎರಡು ಬೆರಳಿಟ್ಟು. "ಜೋರಾಗಿ ಅಳು. ಕೇಳಿಸ್ತಾ ಇರ್ಲಿ."